ಮೊದಲು ಓದಿ, ಒಂದು ವಾರ ಬಿಟ್ಟು ನೋಡಿ

"2025ರಲ್ಲಿ ನೀವು ಓದಿದ್ದರಲ್ಲಿ, ನೋಡಿದ್ದರಲ್ಲಿ ಮನಸ್ಸಿನಲ್ಲಿ ಉಳಿದಿದ್ದು ಏನು? ನಾನೂ ಓದೋದು ಶುರು ಮಾಡಬೇಕು, ಎಲ್ಲಿಂದ ಅಂತ ಗೊತ್ತಾಗ್ತಿಲ್ಲ" ಎಂದು ಕೇಳಿದ್ದೀರಿ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. 26 ಪುಸ್ತಕ, ಮೂವತ್ತರ ಮೇಲೆ ಸಿನಿಮಾ. ಅರ್ಧಕ್ಕರ್ಧ ಈಗ ಹೆಸರು ಬಿಟ್ಟು ಬೇರೇನೂ ನೆನಪಿಲ್ಲ. ಗಟ್ಟಿಯಾಗಿ ಉಳಿದಿದ್ದು ಮೂರು ಜೋಡಿ. ಜೋಡಿ ಅಂದರೆ ಒಂದು ಕನ್ನಡ ಕತೆ, ಅದರಿಂದ ಮಾಡಿದ ಕನ್ನಡ ಸಿನಿಮಾ. ಮೊದಲು ಓದುವುದು, ಒಂದು ವಾರ ಸುಮ್ಮನಿರುವುದು, ಆಮೇಲೆ ನೋಡುವುದು. ಮೂರೂ ನಿರ್ದೇಶಕ ಗಿರೀಶ್ ಕಾಸರವಳ್ಳಿ ಅವರ ಸಿನಿಮಾಗಳೇ ಆದವು. ಬೇಕಂತ ಆರಿಸಿದ್ದಲ್ಲ. ಕನ್ನಡದ ಒಳ್ಳೆಯ ಕತೆ ಹಿಡಿದು ಹೊರಟರೆ ದಾರಿ ಅವರ ಕಡೆಗೇ ಹೋಗುತ್ತದೆ.

ಮೊದಲನೆಯದು 'ದ್ವೀಪ'. ಜನವರಿ ಮೊದಲ ವಾರ ಅದನ್ನು ಬರೆದ ನಾ. ಡಿಸೋಜ ತೀರಿಕೊಂಡರು. ಶರಾವತಿ ಮುಳುಗಡೆಯನ್ನು ಹತ್ತಿರದಿಂದ ಕಂಡು ಬರೆದವರು. ನನ್ನ ಅಮ್ಮನ ತವರು ಸಾಗರದ ಆಚೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದಾಗ ಆ ಊರು ನೀರಿನೊಳಗೆ ಹೋಯಿತು. ಇಷ್ಟು ನನಗೆ ಗೊತ್ತಿತ್ತು. ಇದಕ್ಕಿಂತ ಜಾಸ್ತಿ ಅಮ್ಮ ಯಾವತ್ತೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅಮ್ಮನಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ಹಾಗಾಗಿ ಊಟ ಆದ ಮೇಲೆ ಸ್ವಲ್ಪ ಸ್ವಲ್ಪ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅಮ್ಮ ನಾಳೆಗೆ ಅವರೆಕಾಳು ಬಿಡಿಸುತ್ತಾ ಕೇಳುತ್ತಿದ್ದರು. ಊರೆಲ್ಲ ಖಾಲಿಯಾದ ಮೇಲೂ ಗುಡ್ಡದ ಮೇಲೆ ಉಳಿದುಕೊಂಡ ಒಂದೇ ಮನೆಯ ಕತೆ ಅದು. ಏರುವ ನೀರು, ಬಿಡದ ಮಳೆ. ಪುಸ್ತಕ ಮುಗಿದಾಗ ಅಮ್ಮ ಏನೂ ಹೇಳಲಿಲ್ಲ. ಸಿಪ್ಪೆ ತೆಗೆದುಕೊಂಡು ಹೋಗಿ ಹಾಕಿ ಬಂದು ಮಲಗಿದರು.

ವಾರದ ನಂತರ ಸಿನಿಮಾ ಹಾಕಿದೆ. 2002ರದ್ದು. ಸೌಂದರ್ಯ ತಾವೇ ನಿರ್ಮಾಪಕಿಯಾಗಿ, ಆ ಮನೆಯ ಸೊಸೆ ನಾಗಿಯ ಪಾತ್ರವನ್ನೂ ಮಾಡಿದ್ದರು. ಆ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಅದಕ್ಕೇ ಬಂತು. ಛಾಯಾಗ್ರಹಣಕ್ಕೆ ಎಚ್.ಎಂ. ರಾಮಚಂದ್ರ ಅವರಿಗೂ ಬಂತು. ಆ ಮಳೆ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಮಳೆಯ ಒಂದು ದೃಶ್ಯದಲ್ಲಿ ಅಮ್ಮ ನನ್ನ ಕೈ ಹಿಡಿದು, "ಸೌಂಡ್ ಜಾಸ್ತಿ ಮಾಡೇ" ಅಂದರು. ಮಾಡಿದೆ. "ಇದೇ ಸದ್ದು. ನಮ್ಮನೇಲಿ ರಾತ್ರಿಯಿಡೀ ಹೀಗೇ."

ಆಮೇಲೆ ಶುರುವಾಯಿತು ಅಮ್ಮನ ಮಾತು. ಮನೆ ಬಿಚ್ಚುವಾಗ ಅಜ್ಜ ಪ್ರತಿ ತೊಲೆಗೂ ಬಾಗಿಲಿಗೂ ಸುಣ್ಣದಲ್ಲಿ ನಂಬರ್ ಹಾಕಿದ್ದರಂತೆ, ಹೊಸ ಜಾಗದಲ್ಲಿ ಅದೇ ಥರ ಜೋಡಿಸೋಣ ಅಂತ. ಒಂಬತ್ತು ವರ್ಷದ ಅಮ್ಮ ಸುಣ್ಣದ ಗಿಂಡಿ ಹಿಡಿದು ಅಜ್ಜನ ಹಿಂದೆ ಹಿಂದೆ. ಹೆಂಚು ಇಳಿಸಿದರು, ದನ ಹೊಡೆದುಕೊಂಡು ಹೋದರು. ನೆಲದಲ್ಲಿ ಹುಗಿದಿದ್ದ ಒರಳುಕಲ್ಲು ಮಾತ್ರ ಕೀಳಲು ಬರಲಿಲ್ಲ. ಅಜ್ಜಿ ಕೊನೆಯ ದಿನ ಅದನ್ನು ತೊಳೆದು, ಒರೆಸಿ, ಅರಿಶಿನ ಕುಂಕುಮ ಇಟ್ಟು ಹೊರಟರಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಇದನ್ನು ಕೇಳಿರಲಿಲ್ಲ.

ಸಿನಿಮಾದ ಕೊನೆಯಲ್ಲಿ ಮನೆ ಉಳಿಯುತ್ತದೆ. ನಾಗಿಯ ದುಡಿಮೆಯಿಂದ ಉಳಿದದ್ದು ಅಂತ ನಾವೆಲ್ಲ ಕಣ್ಣಾರೆ ನೋಡಿರುತ್ತೇವೆ. ಗಂಡ ಮಾತ್ರ ಅದರ ಪುಣ್ಯವನ್ನು ದೇವರಿಗೆ ಕೊಟ್ಟುಬಿಡುತ್ತಾನೆ. ಆಗ ನಾಗಿಯ ಮುಖ ನೋಡಬೇಕು ನೀವು. ಬೆಂಗಳೂರಿನಲ್ಲಿ ನಾವು ಸ್ವಿಚ್ ಹಾಕಿದರೆ ಬರುವ ಕರೆಂಟಿನಲ್ಲಿ ಶರಾವತಿಯ ಪಾಲೂ ಇದೆ. ಟಿವಿ ಆರಿಸುವಾಗ ಅದು ನೆನಪಾಗಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಎರಡನೆಯ ಜೋಡಿ ಮೇ ತಿಂಗಳದ್ದು. ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದೇ ಮೊದಲು. ಅನುವಾದಿಸಿದ್ದು ದೀಪಾ ಭಾಸ್ತಿ. ಆಫೀಸಿನಲ್ಲಿ ಕನ್ನಡ ಬಾರದವರೆಲ್ಲ ನನ್ನ ಹತ್ತಿರ ಬಂದು "ನೀನು ಮೂಲದಲ್ಲಿ ಓದಿದ್ದೀಯಾ?" ಅಂತ ಕೇಳತೊಡಗಿದರು. ಓದಿರಲಿಲ್ಲ. ಆ ಶನಿವಾರವೇ ಗಾಂಧಿ ಬಜಾರಿನ ಅಂಕಿತ ಪುಸ್ತಕದಂಗಡಿಗೆ ಹೋದೆ. 'ಕರಿ ನಾಗರಗಳು' ಕತೆಯಲ್ಲಿ, ಹೆಣ್ಣು ಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ನ್ಯಾಯ ಕೇಳಲು ಮಸೀದಿಯಲ್ಲಿ ಮಗುವಿನ ಜೊತೆ ಕೂರುತ್ತಾಳೆ. ಈ ಕತೆಯೇ 2004ರಲ್ಲಿ 'ಹಸೀನಾ' ಸಿನಿಮಾ ಆಯಿತು, ತಾರಾ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಕತೆಯ ಕೊನೆಯಲ್ಲಿ ಊರಿನ ಹೆಂಗಸರು ಹಾಕುವ ಶಾಪ ಇದೆಯಲ್ಲ, ಅದನ್ನು ದಯವಿಟ್ಟು ಕನ್ನಡದಲ್ಲೇ ಓದಿ. ಬೀದಿಯಲ್ಲಿ ನಿಂತು ಬೈಯುವ ಬಿಸಿ ಅದರಲ್ಲಿದೆ.

ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾಯಿತು. ನಾನು ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವಳು. ಅಲ್ಲಿಯವರೆಗೆ ಸಿಲ್ಕ್ ಬೋರ್ಡ್ ದಾಟುವುದರಲ್ಲೇ ಜೀವ ಹೋಗುತ್ತಿತ್ತು, ಬಸ್ಸಿನಲ್ಲಿ ಓದಿದರೆ ತಲೆನೋವು. ಮೊದಲಿಗೆ ಇದ್ದಿದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆರ್.ವಿ. ರಸ್ತೆ ಸ್ಟೇಷನ್ನಿನಲ್ಲಿ ಕಾಯುವಾಗ ಒಂದು ಸಣ್ಣ ಕತೆ ಆರಾಮಾಗಿ ಮುಗಿಯುತ್ತಿತ್ತು. ನನ್ನ 26 ಪುಸ್ತಕಗಳಲ್ಲಿ ಹತ್ತು ಆ ಪ್ಲಾಟ್‌ಫಾರ್ಮಿನದ್ದೇ.

ಮೂರನೆಯ ಜೋಡಿಯ ಕತೆ, ವೈದೇಹಿ ಅವರ 'ಗುಲಾಬಿ ಟಾಕೀಸು' ಓದಿದ್ದೂ ಅಲ್ಲೇ. ಕತೆಯಲ್ಲಿ ಕರಾವಳಿಯ ಸಣ್ಣ ಊರಿಗೆ ಟಾಕೀಸು ಬರುತ್ತದೆ, ಹೆಂಗಸರು ಮನೆಯಿಂದ ಹೊರಗೆ ಬರುತ್ತಾರೆ. ಸಿನಿಮಾದಲ್ಲಿ ಟಾಕೀಸೇ ಊರಿನ ಕೇಂದ್ರವಲ್ಲ! ಕಾಲ ಕಾರ್ಗಿಲ್ ಯುದ್ಧದ್ದು, ಸೂಲಗಿತ್ತಿ ಗುಲಾಬಿಯ ಮನೆಗೆ ಡಿಶ್ ಆಂಟೆನಾ ಇರುವ ಟಿವಿ ಬರುತ್ತದೆ. ಕತೆಯ ಸೂಲಗಿತ್ತಿ ಕ್ರಿಶ್ಚಿಯನ್, ಸಿನಿಮಾದವಳು ಮುಸ್ಲಿಂ. ಮೊದಲ ಅರ್ಧ ಗಂಟೆ ನನಗೆ ಸಿಟ್ಟೇ ಬಂದಿತ್ತು, ಅಷ್ಟು ಚೆಂದದ ಕತೆ ಹೀಗ್ಯಾಕೆ ಬದಲಾಯಿಸಿದರು ಅಂತ. ಆಮೇಲೆ ಅರ್ಥವಾಯಿತು. ಹೊಸದೊಂದು ಪರದೆ ಬಂದಾಗ ಊರು ಹೇಗೆ ಸೇರುತ್ತದೆ, ಹೇಗೆ ಒಡೆಯುತ್ತದೆ ಅನ್ನುವುದೇ ಅಲ್ಲಿನ ಪ್ರಶ್ನೆ. ಉಮಾಶ್ರೀ ಅವರ ಗುಲಾಬಿಯನ್ನು ನೋಡಿದ ಮೇಲೆ ಸಿಟ್ಟು ಪೂರ್ತಿ ಹೋಯಿತು. ಕತೆಯೂ ಬೇಕು, ಸಿನಿಮಾವೂ ಬೇಕು.

ನಾಲ್ಕನೆಯ ಜೋಡಿ ಕೆಟ್ಟಿದ್ದು ಕ್ರಮ ತಪ್ಪಿದ್ದರಿಂದ. 'ತಬರನ ಕಥೆ' ಸಿನಿಮಾ ಮೊದಲು ನೋಡಿಬಿಟ್ಟೆ. ಆಮೇಲೆ ತೇಜಸ್ವಿಯವರ ಕತೆ ಓದುವಾಗ ಪ್ರತಿ ಸಾಲಿನಲ್ಲೂ ಚಾರುಹಾಸನ್ ಅವರ ಮುಖವೇ. ಅದ್ಭುತ ನಟನೆ, ಅದಕ್ಕೇ ಬಿಡಿಸಿಕೊಳ್ಳಲು ಆಗಲಿಲ್ಲ. ನನ್ನದೇ ಒಬ್ಬ ತಬರನನ್ನು ಕಟ್ಟಿಕೊಳ್ಳುವ ಅವಕಾಶ ಹೋಯಿತು.

ಹಾಗಾಗಿ ನೀವು ದೊಡ್ಡ ಪಟ್ಟಿ ಮಾಡಬೇಡಿ. ಒಂದು ಸಣ್ಣ ಕತೆ ತೆಗೆದುಕೊಳ್ಳಿ, ಓದಿ, ವಾರ ಬಿಟ್ಟು ಸಿನಿಮಾ ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಗಟ್ಟಿಯಾಗಿ ಓದಿ, ಅವರ ಪಕ್ಕದಲ್ಲೇ ಕೂತು ನೋಡಿ. ಅವರು ಮಾತಾಡಿದರೆ ಸಿನಿಮಾ ನಿಲ್ಲಿಸಿ ಕೇಳಿ.

ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತಲ್ಲ, ಆ ಸುದ್ದಿಯನ್ನು ಅಮ್ಮ ಟಿವಿ ಹತ್ತಿರ ಹೋಗಿ ನಿಂತು ನೋಡಿದರು. ಅವರು ಲಾಂಚ್‌ನಲ್ಲಿ ದಾಟಿದ ನೀರು ಅದು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದರಲ್ಲಿ ಮುಳುಗಿದ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣಿಸುತ್ತದೆ. "ಒರಳು ಕಾಣಿಸ್ತದೇನೇ?" ಅಂತ ಕೇಳಿದ್ದಾರೆ. ಮೇ ತಿಂಗಳಿಗೆ ತಾಳಗುಪ್ಪ ರೈಲಿನಲ್ಲಿ ಎರಡು ಲೋವರ್ ಬರ್ತ್ ಮಾಡಿಸಬೇಕು. ಬುಕಿಂಗ್ ಅರವತ್ತು ದಿನ ಮೊದಲು ತೆರೆಯುತ್ತದೆ.