ಚರ್ಚಿನ ಯುವಕರು ನಡೆಸುವ ರಕ್ತದಾನ ಶಿಬಿರದ ಹಿಂದೆ ಮತಾಂತರದ ಉದ್ದೇಶ ಇರುತ್ತದಾ?

ನೀವು ಕೇಳಿದ್ದು ಇಷ್ಟು: ಓದಲು ಮಂಗಳೂರಿಗೆ ಬಂದಿದ್ದೀರಿ. ಕ್ಲಾಸಿನ ಕ್ಯಾಥೊಲಿಕ್ ಗೆಳೆಯ ತನ್ನ ಚರ್ಚಿನ ಯುವಕರ ರಕ್ತದಾನ ಶಿಬಿರಕ್ಕೆ ಕರೆದಿದ್ದಾನೆ. ಇದರಲ್ಲಿ ಬೇರೇನೋ ಲೆಕ್ಕಾಚಾರ ಇದೆ ಅಂತ ಮನೆಯವರಿಗೆ ಅನುಮಾನ. ನಾನು ಇದೇ ಊರಿನ ಕ್ಯಾಥೊಲಿಕ್. ಐಸಿವೈಎಂ ಅಂತ ಇದೆ, ಇಂಡಿಯನ್ ಕ್ಯಾಥೊಲಿಕ್ ಯೂತ್ ಮೂವ್‌ಮೆಂಟ್. ಅದರ ನಮ್ಮ ಚರ್ಚಿನ ಘಟಕದಲ್ಲಿ ಕೆಲವು ವರ್ಷ ಓಡಾಡಿದ್ದೇನೆ.

ಲೆಕ್ಕಾಚಾರ ಇರುವುದು ನಿಜ. ಆದರೆ ಅದು ಹೆಚ್ಚಾಗಿ ನಿಮ್ಮ ಗೆಳೆಯನ ಬಗ್ಗೆ, ನಿಮ್ಮ ಬಗ್ಗೆ ಅಲ್ಲ.

ನಮ್ಮ ಮಕ್ಕಳಿಗೆ ಚಿಕ್ಕಂದಿನಿಂದ ಭಾನುವಾರದ ಪೂಜೆಯ ಜೊತೆ ಧರ್ಮಶಿಕ್ಷಣದ ಕ್ಲಾಸು ಇರುತ್ತದೆ. ಪಿಯುಸಿ ಹೊತ್ತಿಗೆ ಅದು ಮುಗಿಯುತ್ತದೆ. ಆಮೇಲೆ ಹುಡುಗರು ಚರ್ಚಿನ ಬಾಗಿಲ ಹತ್ತಿರ ನಿಲ್ಲಲು ಶುರು ಮಾಡುತ್ತಾರೆ. ಪ್ರವಚನ ಉದ್ದವಾದರೆ ಹೊರಗೆ ಬೈಕಿನ ಹತ್ತಿರ. ಸ್ವಲ್ಪ ದಿನ ಕಳೆದರೆ ಬೆಂಗಳೂರು, ದುಬೈ. ಪಾದ್ರಿಗಳ ತಲೆನೋವು ಇದೇ. ಪ್ರಾರ್ಥನಾಕೂಟ ಇದೆ ಅಂದರೆ ನಾಲ್ಕೈದು ಜನ ಬರುತ್ತಾರೆ, ಅವರಲ್ಲಿ ಅರ್ಧ ಜನ ಅಮ್ಮನ ಒತ್ತಾಯಕ್ಕೆ. ಅದೇ, ಒಬ್ಬರ ಮನೆಯ ಮಾಡು ಕುಸಿದಿದೆ, ಭಾನುವಾರ ಶ್ರಮದಾನ ಅಂದು ನೋಡಿ. ಬೈಕಿನ ಹತ್ತಿರ ನಿಂತವರೇ ಮೊದಲು ಹಾಜರು.

ಡಿಸೆಂಬರಿನಲ್ಲಿ ಮನೆಮನೆಗೆ ಹೋಗಿ ಕ್ಯಾರಲ್ ಹಾಡುವುದು, ಹೌಸಿ-ಹೌಸಿ (ತಂಬೋಲಾ ಆಟ) ಟಿಕೆಟ್ ಮಾರುವುದು, ಬಂದ ದುಡ್ಡನ್ನು ಯಾರದೋ ಡಯಾಲಿಸಿಸ್ ಖರ್ಚಿಗೆ ಕೊಡುವುದು, ಇವೂ ಇದೇ ಸಾಲಿನವು. ಇದರಲ್ಲಿ ದಾನಕ್ಕಿಂತ ಮುಖ್ಯವಾಗಿ ನಡೆಯುವುದು ಬೇರೆ. ಇನ್ನೂ ಡಿಗ್ರಿ ಓದುವ ಹುಡುಗಿ ಕೈಯಲ್ಲಿ ದುಡ್ಡಿನ ಡಬ್ಬ ಇರುತ್ತದೆ. ಅವಳು ಲೆಕ್ಕ ಬರೆಯಬೇಕು, ಹಾಲ್ ಬುಕ್ ಮಾಡಬೇಕು, ಗುರ್ಕಾರರ, ಅಂದರೆ ಚರ್ಚಿನ ವಾರ್ಡಿನ ಮುಖಂಡರ ಹತ್ತಿರ ಮಾತಾಡಬೇಕು, ಕೊನೆಗೆ ಎಲ್ಲರೆದುರು ಲೆಕ್ಕ ಒಪ್ಪಿಸಬೇಕು. ಹೀಗೆ ಜವಾಬ್ದಾರಿ ಹೊತ್ತವರು ಚರ್ಚ್ ಬಿಟ್ಟು ಹೋಗುವುದು ಕಡಿಮೆ. ಬ್ಯಾನರ್ ಕಟ್ಟಿ, ಕಿಟ್ ಕೊಡುವ ಫೋಟೋ ತೆಗೆಸಿ ಮುಗಿಸುವ ಕಾರ್ಯಕ್ರಮಗಳೂ ಇವೆ. ಅವುಗಳಿಂದ ಯಾರೂ ಉಳಿಯುವುದಿಲ್ಲ, ಬಿಡಿ.

ಇದು ಹಳೆಯ ದಾರಿ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಂ ಅನ್ನುವ ವಿದ್ಯಾರ್ಥಿ ಗೆಳೆಯರ ಜೊತೆ ಚರ್ಚಾಕೂಟ ನಡೆಸುತ್ತಿದ್ದ. ನಿಮ್ಮ ಧರ್ಮ ಹಿಂದೆ ಏನೋ ಮಾಡಿರಬಹುದು, ಈಗ ಬಡವರಿಗೆ ಏನು ಮಾಡುತ್ತಿದ್ದೀರಿ ಅಂತ ಎದುರು ಗುಂಪಿನವರು ಕೆಣಕಿದರು. ವಾದದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇಪ್ಪತ್ತರ ಆಸುಪಾಸಿನ ಆ ಹುಡುಗರು ಬಡವರ ಮನೆಗಳಿಗೆ ಸೌದೆ, ರೊಟ್ಟಿ ಹೊತ್ತುಕೊಂಡು ಹೋಗಲು ಶುರು ಮಾಡಿದರು. ಹಾಗೆ ಹುಟ್ಟಿದ ಸೇವಾ ಸಂಘವೇ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ. ಇವತ್ತು ಮಂಗಳೂರಿನ ಚರ್ಚುಗಳಲ್ಲೂ ಇದೆ. ಆದರೆ ನಮ್ಮ ಕಡೆ ಅದರ ಸಭೆಗೆ ಹೋದರೆ ನರೆಗೂದಲಿನವರೇ ಜಾಸ್ತಿ. ಹುಡುಗರು ಶುರು ಮಾಡಿದ್ದು ಅಂತ ಹೇಳಿದರೆ ನಂಬುವುದು ಕಷ್ಟ.

ಎಲ್ಲ ಕಡೆ ಹೀಗೇ ಅಂತ ನಾನು ಹೇಳಲ್ಲ. ಕ್ರೈಸ್ತರಲ್ಲಿ ಪಂಗಡಗಳು ಹಲವು. ಸೇವೆಯೂ ಸುವಾರ್ತೆಯೂ (ಯೇಸುವಿನ ಸಂದೇಶ ಸಾರುವುದು) ಒಟ್ಟಿಗೇ ಹೋಗಬೇಕು ಅಂತ ನಂಬುವವರಿದ್ದಾರೆ, ಎಷ್ಟೋ ಜನ ಅದನ್ನು ಬಾಯಿಬಿಟ್ಟೇ ಹೇಳುತ್ತಾರೆ. ನಂಬಿಕೆ ಬಗ್ಗೆ ಮಾತಾಡುವುದು ತಪ್ಪಲ್ಲ, ಸಂವಿಧಾನದ 25ನೇ ವಿಧಿ ಆ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ನನಗೆ ಸರಿಬೀಳದ್ದು ಒಂದೇ: ಅಕ್ಕಿಗಾಗಿ ಬಂದವರನ್ನು ಮೊದಲು ಕೂರಿಸಿ ಪ್ರವಚನ ಕೇಳಿಸುವುದು. ಹಸಿದವರು ಎದ್ದು ಹೋಗುವುದಾದರೂ ಹೇಗೆ? ಪೋಪ್ 16ನೇ ಬೆನೆಡಿಕ್ಟ್ 2005ರ ತಮ್ಮ ವಿಶ್ವಪತ್ರದಲ್ಲಿ, ಅಂದರೆ ಇಡೀ ಚರ್ಚಿಗೆ ಬರೆದ ಪತ್ರದಲ್ಲಿ, ಮತಕ್ಕೆ ಸೆಳೆಯಲು ದಾನವನ್ನು ಸಾಧನ ಮಾಡಿಕೊಳ್ಳಬಾರದು ಅಂತ ನೇರವಾಗಿಯೇ ಬರೆದಿದ್ದಾರೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ವಿರೋಧಿ ಕಾಯ್ದೆ ಉಡುಗೊರೆ, ಉಚಿತ ಶಿಕ್ಷಣದಂಥವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. 2023ರ ಜೂನ್‌ನಲ್ಲಿ ಅದನ್ನು ರದ್ದು ಮಾಡಲು ಸಂಪುಟ ತೀರ್ಮಾನಿಸಿತು. ಆ ಕಾಯ್ದೆ ನನಗೆ ಇಷ್ಟವಿರಲಿಲ್ಲ. ಪುಸ್ತಕ ಹಂಚಿದರೂ ಯಾರಾದರೂ ದೂರು ಕೊಟ್ಟಾರು ಅನ್ನುವ ಅಂಜಿಕೆ ಒಳ್ಳೆಯದಲ್ಲ, ಅಲ್ವಾ?

ಇನ್ನು ನಿಮ್ಮ ಶಿಬಿರದ ವಿಷಯ. ರಕ್ತ ತೆಗೆಯುವುದು ಚರ್ಚಿನವರಲ್ಲ, ಯಾವುದಾದರೂ ಆಸ್ಪತ್ರೆಯ ರಕ್ತನಿಧಿಯವರು. ಯಾವ ಆಸ್ಪತ್ರೆ ಅಂತ ಗೆಳೆಯನನ್ನು ಕೇಳಿ. ಕರಾವಳಿಯಲ್ಲಿ ಯುವಕ ಮಂಡಲ, ಲಯನ್ಸ್ ಕ್ಲಬ್ಬಿನವರೂ ಜೊತೆ ಸೇರುವುದುಂಟು. ತುಂಬಿಸುವ ಫಾರಂ ರಕ್ತನಿಧಿಯದು, ಅದರಲ್ಲಿ ಕೇಳುವುದು ಹೆಚ್ಚಾಗಿ ನಿಮ್ಮ ಆರೋಗ್ಯದ ಬಗ್ಗೆ. ಬೇರೆ ಯಾರಾದರೂ ಇನ್ನೊಂದು ಹಾಳೆ ಹಿಡಿದು ಫೋನ್ ನಂಬರ್ ಕೇಳಿದರೆ, ಯಾಕೆ ಅಂತ ಕೇಳಿ. ಇಷ್ಟ ಇಲ್ಲದಿದ್ದರೆ ಕೊಡಬೇಡಿ, ಯಾರೂ ಮುನಿಸಿಕೊಳ್ಳಲ್ಲ. ಉದ್ಘಾಟನೆಯಲ್ಲಿ ಕೊಂಕಣಿಯಲ್ಲಿ ಒಂದು ಪ್ರಾರ್ಥನಾ ಗೀತೆ ಇರುತ್ತದೆ, ಅಷ್ಟೇ.

18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಹಿಂದೆ ಕೊಟ್ಟಿದ್ದರೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದಿರಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಕಾರ್ಡಿನಲ್ಲಿ ಒಂಬತ್ತು ಗಂಟೆ ಅಂತ ಇದ್ದರೆ ಹತ್ತಕ್ಕೆ ಹೋದರೆ ಸಾಕು, ಅತಿಥಿಗಳ ಭಾಷಣ ಅಷ್ಟರಲ್ಲಿ ಮುಗಿದಿರುತ್ತದೆ.