ಗೋವಾಗೆ ಹತ್ತು ಸಾವಿರ ಮಾತ್ರ ತಗೊಂಡು ಹೋದ್ರೆ?

ಪ್ರಶ್ನೆ: ಅಕ್ಕಾ, ನಂಗೆ 33 ವರ್ಷ, ದಾವಣಗೆರೆ, ಸೇಲ್ಸ್ ಕೆಲಸ. ಮೂರು ವರ್ಷದಿಂದ ಆನ್‌ಲೈನ್ ರಮ್ಮಿ, ಐಪಿಎಲ್ ಟೈಮಲ್ಲಿ ಬೆಟ್ಟಿಂಗು. ಒಂದ್ಸಲ ಒಂದೇ ರಾತ್ರಿ 38,400 ಗೆದ್ದಿದ್ದೆ. ಕಳ್ಕೊಂಡಿದ್ದು ನಾಲ್ಕೈದು ಲಕ್ಷ ಇರ್ಬೋದು. ಹೆಂಡತಿ ಸರ ಅಡ ಇಟ್ಟಿದೀನಿ, ಅವಳು ಲಾಕರಲ್ಲಿದೆ ಅಂದ್ಕೊಂಡಿದಾಳೆ. ಆಪ್‌ಗಳು ಬಂದ್ ಆದ್ಮೇಲೆ ಟೆಲಿಗ್ರಾಮಲ್ಲಿ ಆಡ್ತಿದ್ದೆ, ಈಗ ಎರಡು ತಿಂಗಳಿಂದ ಮುಟ್ಟಿಲ್ಲ. ಮುಂದಿನ ತಿಂಗಳು ಫ್ರೆಂಡ್ಸೆಲ್ಲಾ ಗೋವಾ ಕ್ಯಾಸಿನೋಗೆ ಹೊರಟಿದಾರೆ. ಹತ್ತು ಸಾವಿರ ಲಿಮಿಟ್ ಇಟ್ಕೊಂಡು ಆಡಿದ್ರೆ ತಪ್ಪಾ?

ಉತ್ತರ: ಬೇರೆ ಯಾರಾದ್ರೂ ಕೇಳಿದ್ರೆ ಹೋಗ್ಬನ್ನಿ ಅಂತಿದ್ದೆ. ದೀಪಾವಳೀಲಿ ಮನೆಮಂದಿಯೆಲ್ಲಾ ಇಸ್ಪೀಟಿಗೆ ಕೂರ್ತಾರೆ, ಐನೂರು ಹೋದ್ರೆ ಹೋಯ್ತು ಅಂತ ಎದ್ದು ಊಟಕ್ಕೆ ಹೋಗ್ತಾರೆ, ಬೆಳಗ್ಗೆ ನೆನಪೂ ಇರಲ್ಲ. ಲಿಮಿಟ್ ಅನ್ನೋದು ಅಂಥೋರಿಗೆ ಸರಿ. ನಿಮಗೆ ಆಗಲ್ಲ, ಯಾಕೆ ಅಂತ ನಿಮ್ಮ ಪತ್ರದಲ್ಲೇ ಇದೆ.

ಗೆದ್ದಿದ್ದು 38,400, ಆ ನಾನೂರು ರೂಪಾಯಿನೂ ಬಿಡದೆ ಬರ್ದಿದೀರಿ. ಕಳ್ಕೊಂಡಿದ್ದು ಮಾತ್ರ 'ನಾಲ್ಕೈದು ಲಕ್ಷ ಇರ್ಬೋದು'. ನಾಲ್ಕಕ್ಕೂ ಐದಕ್ಕೂ ಮಧ್ಯೆ ಒಂದು ಲಕ್ಷ ಇದೆ ಮಾರಾಯ್ರೇ, ನಿಮ್ಮ ಎಷ್ಟು ತಿಂಗಳ ಸಂಬಳ ಅದು? ಈ ಭಾನುವಾರ ಬ್ಯಾಂಕ್ ಸ್ಟೇಟ್‌ಮೆಂಟು, ಯುಪಿಐ ಹಿಸ್ಟರಿ ಎಲ್ಲಾ ತೆಗೆದು ಒಂದು ನೋಟ್‌ಬುಕ್ಕಲ್ಲಿ ಕೈಯಾರೆ ಬರೀರಿ, ಗೋವಾ ವಿಷ್ಯ ಆಮೇಲೆ.

ಹತ್ತು ಸಾವಿರದ ಲೆಕ್ಕಕ್ಕೆ ಬರೋಣ. 0 ಸೇರಿ 37 ನಂಬರ್ ಇರೋ ರೂಲೆಟ್ ಚಕ್ರದಲ್ಲಿ ನಿಮ್ಮ ನಂಬರ್ ಬಂದ್ರೆ ಕೊಡೋದು ಒಂದಕ್ಕೆ 35 ಅಷ್ಟೇ, ಕಟ್ಟಿದ್ದೂ ಸೇರಿ ಕೈಗೆ 36. ಅಂದ್ರೆ ನೂರು ರೂಪಾಯಿ ಕಟ್ಟಿದ್ರೆ ಸರಾಸರಿ 2 ರೂಪಾಯಿ 70 ಪೈಸೆ ಕ್ಯಾಸಿನೋದವರ ಪಾಲು. ಅಷ್ಟೇನಾ ಅನ್ಸುತ್ತೆ, ಆದ್ರೆ ಅದು ಜೇಬಲ್ಲಿ ತಗೊಂಡು ಹೋದ ದುಡ್ಡಿನ ಮೇಲಲ್ಲ, ಕಟ್ಟಿದಷ್ಟೂ ಸಲ, ಅದೇ ಹತ್ತು ಸಾವಿರ ಗೆದ್ದು ಸೋತು ರಾತ್ರಿಯೆಲ್ಲಾ ಹತ್ತು ಸುತ್ತು ತಿರುಗಿದ್ರೆ ನೀವು ಕಟ್ಟಿದ್ದು ಒಂದು ಲಕ್ಷ, ಅವರಿಗೆ 2,700. ಅದೂ ಸರಾಸರಿ. ಇನ್ನೊಂದು, ಹತ್ತು ಸಾವಿರ ಮುಗಿದಾಗ ರಾತ್ರಿ ಹನ್ನೊಂದು ಗಂಟೆ ಅಂತಿಟ್ಕೊಳ್ಳಿ, ಫ್ರೆಂಡ್ಸು ಬೆಳಗಿನ ಜಾವದವರೆಗೂ ಏಳಲ್ಲ, ಮಾಂಡವಿ ನದೀಲಿ ನಿಂತಿರೋ ಕ್ಯಾಸಿನೋ ಹಡಗಲ್ಲಿ ಕೂತು ನೀವೇನ್ ಮಾಡ್ತೀರಿ? ಪಕ್ಕದವನು 'ತಗೋ ಮಗಾ, ಆಮೇಲೆ ಕೊಡು' ಅಂತಾನೆ.

ಯಾವಾಗ ನಿಲ್ಲಿಸ್ಬೇಕು ಅಂತ ಜನ ದುಡ್ಡಿನ ಮೊತ್ತದ ಮೇಲೆ ಲೆಕ್ಕ ಹಾಕ್ತಾರೆ. ನನ್ನ ಪ್ರಕಾರ ಹೋದದ್ದನ್ನ ವಾಪಸ್ ತರ್ಬೇಕು ಅಂತ ಆಡೋಕೆ ಶುರು ಮಾಡಿದ ದಿನವೇ ನಿಲ್ಲಿಸೋ ದಿನ, ಆಗ ಹೋಗಿರೋದು ಬರೀ ಎರಡು ಸಾವಿರ ಇದ್ರೂ ಸರಿ. ನೀವು ಅದನ್ನೂ ದಾಟಿ, ಸರ ಅಡ ಇಟ್ಟು, ಸುಳ್ಳು ಹೇಳೋ ತನಕ ಬಂದಿದೀರಿ. ಇದು ಚಟ, ಬುದ್ಧಿ ಕಮ್ಮಿ ಅಂತಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟೀಲೇ ಇದೆ, ಚಿಕಿತ್ಸೆನೂ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ಬೋದು. ಬೆಂಗಳೂರಿಗೆ ಬರೋದಾದ್ರೆ ನಿಮ್ಹಾನ್ಸ್‌ನಲ್ಲಿ ಮೊಬೈಲು, ಗೇಮಿಂಗ್ ಗೀಳಿಗೆ ಅಂತಲೇ 2014ರಿಂದ 'ಶಟ್' ಕ್ಲಿನಿಕ್ ಇದೆ.

ಟೆಲಿಗ್ರಾಮ್ ಗ್ರೂಪಿಂದ ಇವತ್ತೇ ಹೊರಗೆ ಬನ್ನಿ. 2025ರ ಆಗಸ್ಟಲ್ಲಿ ಬಂದ ಕೇಂದ್ರದ ಕಾನೂನಲ್ಲಿ ಶಿಕ್ಷೆ ಇರೋದು ಆನ್‌ಲೈನಲ್ಲಿ ದುಡ್ಡಿನ ಆಟ ನಡೆಸೋರಿಗೆ, ಜಾಹೀರಾತು ಕೊಡೋರಿಗೆ, ಆಡೋರಿಗಲ್ಲ, ಹಾಗಾಗಿ ಸಹಾಯ ಕೇಳೋಕೆ ಹೆದರ್ಬೇಡಿ. ಆದ್ರೆ ಆ ಗ್ರೂಪಲ್ಲಿ ದುಡ್ಡು ಹೋದ್ರೆ ಯಾರನ್ನ ಕೇಳ್ತೀರಿ?

ಎರಡು ತಿಂಗಳು ಬಿಟ್ಟಿದೀರಲ್ಲ, ಅದು ಸಣ್ಣ ವಿಷ್ಯ ಅಲ್ಲ. ಫ್ರೆಂಡ್ಸಿಗೆ ಈ ಸಲ ಬರಲ್ಲ ಅಂದ್ಬಿಡಿ, ಕಾರಣ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು.

ಇನ್ನು ಹೆಂಡತಿ. ಹೇಳ್ಲೇಬೇಕು, ಅಡ ಇಟ್ಟಿರೋ ಕಡೆಯಿಂದ ನೋಟಿಸ್ ಮನೆಗೆ ಬರೋ ಮುಂಚೆ. ನೋಟ್‌ಬುಕ್ ಮುಂದಿಟ್ಟು ಪೂರ್ತಿ ಮೊತ್ತ ಒಂದೇ ಸಲ ಹೇಳಿ. ಎಷ್ಟೋ ಗಂಡಸರು ಅರ್ಧ ಹೇಳಿ, ಉಳಿದರ್ಧ ಹೇಗೋ ಗೆದ್ದು ತೀರಿಸ್ತೀನಿ ಅಂತ ಮತ್ತೆ ಹೋಗ್ತಾರೆ. ನಿಮ್ಮ ಹೆಂಡತಿ ಅಳ್ಬೋದು, ಬೈಬೋದು, ತವರಿಗೂ ಹೋಗ್ಬೋದು. ಸಂಬಳದ ಅಕೌಂಟು, ಎಟಿಎಂ ಕಾರ್ಡು ಸ್ವಲ್ಪ ದಿನ ಅವರ ಹತ್ರನೇ ಇರ್ಲಿ, ಖರ್ಚಿಗೆ ಕೈಯಲ್ಲಿ ಇಸ್ಕೊಳ್ಳಿ, ಮೊದಲು ಬಿಡಿಸಬೇಕಾಗಿರೋದು ಸರ.