ಪ್ರತಿ ಸಲವೂ ಮಗುವಿನ ಹೆಸರು, ತೂಕ ನೋಡುವುದೇಕೆ?

ಪ್ರಶ್ನೆ: ಎರಡು ವರ್ಷದ ಮಗಳನ್ನು ನ್ಯುಮೋನಿಯಾಕ್ಕಾಗಿ ಮಕ್ಕಳ ಆಸ್ಪತ್ರೆಗೆ ಸೇರಿಸಿದ್ದೆವು. ಔಷಧಿ ಕೊಡುವ ಪ್ರತಿ ಸಲವೂ ನರ್ಸ್ ಹೆಸರು ಕೇಳಿ ಕೈಪಟ್ಟಿ ನೋಡುತ್ತಿದ್ದರು; ಕೆಲವು ಇಂಜೆಕ್ಷನ್‌ಗಳಿಗೆ ಇಬ್ಬರು ಲೆಕ್ಕ ಹಾಕುತ್ತಿದ್ದರು. ಇಷ್ಟೆಲ್ಲ ಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಬೇಕು. ದೊಡ್ಡವರಿಗೆ ಬಹುತೇಕ ಔಷಧಿಗಳ ಪ್ರಮಾಣ ನಿಗದಿಯಾಗಿರುತ್ತದೆ. ಮಕ್ಕಳಿಗಾದರೋ ಹೆಚ್ಚಿನ ಔಷಧಿಗಳನ್ನು ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ ಕೊಡಬೇಕಾಗುವುದರಿಂದ, ದಶಮಾಂಶ ಬಿಂದು ಒಂದು ಸ್ಥಾನ ಜರುಗಿದರೂ ಡೋಸ್ ಹತ್ತು ಪಟ್ಟಾಗಿಬಿಡುತ್ತದೆ. ಒಬ್ಬರ ಲೆಕ್ಕವನ್ನು ನೋಡದೆಯೇ ಇನ್ನೊಬ್ಬರು ಸ್ವತಂತ್ರವಾಗಿ ಲೆಕ್ಕ ಹಾಕಿ ಹೋಲಿಸುವುದು ಅದಕ್ಕಾಗಿಯೇ. ಮೊದಲಿನವರ ಉತ್ತರಕ್ಕೆ ತಲೆಯಾಡಿಸುವುದನ್ನು ಪರಿಶೀಲನೆ ಎನ್ನಲಾಗದು. ಮಾತು ಬಾರದ ಮಗು ‘ಇದು ನನ್ನ ಔಷಧಿಯಲ್ಲ’ ಎನ್ನಲಾರದಾದ್ದರಿಂದ ಕೈಪಟ್ಟಿಯೂ ಅಷ್ಟೇ ಮುಖ್ಯ. ಅದು ಬಿಗಿಯೆನಿಸಿದರೆ ನೀವೇ ಕತ್ತರಿಸದೆ ನರ್ಸ್‌ಗೆ ತಿಳಿಸಿ.

ಮನೆಗೆ ಬಂದ ಮೇಲೂ ಈ ಎಚ್ಚರ ಬೇಕು. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಇದ್ದರೆ, ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಅಥವಾ 250 ಮಿ.ಗ್ರಾಂ ಇರುತ್ತದೆ. 250ರ ಸಿರಪ್‌ಗೆಂದು ಬರೆದ 3 ಮಿ.ಲೀ. ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ 150ರ ಬದಲು 300 ಮಿ.ಗ್ರಾಂ ಹೊಟ್ಟೆ ಸೇರುತ್ತದೆ. ಅಡುಗೆಮನೆಯ ಚಮಚವಂತೂ ಬೇಡವೇ ಬೇಡ. ಗುರುತುಗಳಿರುವ, ಸೂಜಿಯಿಲ್ಲದ ಸಿರಿಂಜ್ ಕೇಳಿ ಪಡೆಯಿರಿ.

ವಿಶ್ವ ಆರೋಗ್ಯ ಸಂಸ್ಥೆಯು 2025ರ ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನವನ್ನು ನವಜಾತ ಶಿಶುಗಳ ಹಾಗೂ ಮಕ್ಕಳ ಸುರಕ್ಷಿತ ಆರೈಕೆಗೇ ಮೀಸಲಿಟ್ಟಿತ್ತು. ಆದ್ದರಿಂದ ‘ಇದು ಯಾವ ಔಷಧಿ, ಎಷ್ಟು, ಏಕೆ?’ ಎಂದು ಕೇಳಲು, ಮಗುವನ್ನು ಮುಟ್ಟುವ ಮೊದಲು ಕೈ ತೊಳೆದಿರಾ ಎಂದು ವಿಚಾರಿಸಲು ಸಂಕೋಚ ಬೇಡ. ಒಳ್ಳೆಯ ಸಿಬ್ಬಂದಿ ಇದಕ್ಕೆ ಮುನಿಸಿಕೊಳ್ಳುವುದಿಲ್ಲ.